ಮೂರು ಹಲ್ಲಿನ ದೈತ್ಯ

ಮಕ್ಕಳ ಕೈಗೆ ಕ್ರೇಯಾನ್ ಕೊಟ್ಟು ಡೈನೋಸಾರ್ ಬರಿ ಎಂದರೆ ಬಹಳಷ್ಟು ಮಂದಿ ಉದ್ದ ಕತ್ತಿನದನ್ನೇ ಬರೆಯುತ್ತಾರೆ. ಮೊದಲು ಹೊಟ್ಟೆ, ಆಮೇಲೆ ನಾಲ್ಕು ಕಾಲು, ಒಂದು ಬಾಲ, ಕೊನೆಗೆ ಹಾಳೆ ಮುಗಿಯುವ ತನಕ ಕತ್ತು. ತಲೆಗೆ ಜಾಗ ಸಾಲದೆ ಅದು ಹಾಳೆಯ ಮೂಲೆಯಲ್ಲಿ ಮುದುರಿಕೊಂಡಿರುತ್ತದೆ. ಕಾಲ ಕೆಳಗೆ ಹಸಿರು ಹುಲ್ಲು, ಪಕ್ಕದಲ್ಲೊಂದು ಕೆಂಪು ಹೂವು, ಆಕಾಶದಲ್ಲಿ ಎರಡು ಹಕ್ಕಿ. ಆ ಚಿತ್ರ ನೋಡುವಾಗಲೆಲ್ಲ ನನ್ನ ಕಣ್ಣು ಕತ್ತನ್ನು ಬಿಟ್ಟು ಹುಲ್ಲು, ಹೂವು, ಹಕ್ಕಿಗಳ ಮೇಲೆ ನಿಲ್ಲುತ್ತದೆ. ಮೊದಮೊದಲ ಉದ್ದ ಕತ್ತಿನ ಪ್ರಾಣಿಗಳು ಓಡಾಡಿದ ಭೂಮಿಯಲ್ಲಿ ಈ ಮೂರೂ ಇರಲಿಲ್ಲ.

ಹುಲ್ಲಿಲ್ಲದ ನೆಲವನ್ನು ಕಲ್ಪಿಸಿಕೊಳ್ಳಲು ಕೂತು ನೋಡಿ, ಎಷ್ಟು ಕಷ್ಟವೆಂದು ಗೊತ್ತಾಗುತ್ತದೆ. ಗರಿಕೆ ಇಲ್ಲ, ಭತ್ತವಿಲ್ಲ, ರಾಗಿಯಿಲ್ಲ, ಕಬ್ಬಿಲ್ಲ, ಬಿದಿರೂ ಇಲ್ಲ. ಅವೆಲ್ಲ ಹುಲ್ಲಿನ ಕುಲದವು. ಮಾವು, ಹಲಸು, ಹುಣಸೆ, ಮಲ್ಲಿಗೆ ಇಲ್ಲ; ಅವು ಹೂ ಬಿಡುವ ಗಿಡಗಳು, ಅವುಗಳ ಸರದಿ ಇನ್ನೂ ಬಂದಿರಲಿಲ್ಲ. ಹೂವಿಲ್ಲದಲ್ಲಿ ಜೇನೆಲ್ಲಿಂದ ಬಂತು? ಇದ್ದದ್ದು ಜರೀಗಿಡಗಳು, ಸೈಕಾಡ್‌ಗಳು, ಸೂಜಿಯೆಲೆಯ ದೊಡ್ಡ ಮರಗಳು. ಬೆಳಕು ಹರಿಯುವಾಗ ಹಕ್ಕಿ ಕೂಗದ ಕಾಡು. ಚಿತ್ರದಿಂದ ಇಷ್ಟೆಲ್ಲ ಅಳಿಸಿದ ಮೇಲೂ ಉಳಿಯುವುದು ನದಿ, ಮರಳು, ಮಳೆ, ಮತ್ತು ಆ ಕತ್ತು.

ಡೈನೋಸಾರ್‌ಗಳು ಹುಲ್ಲು ತಿಂದೇ ಇಲ್ಲವೆಂದಲ್ಲ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಪಿಸ್ದುರಾದಲ್ಲಿ ಕಲ್ಲಾಗಿ ಹೋದ ಡೈನೋಸಾರ್ ಲದ್ದಿ ಸಿಕ್ಕಿದೆ. ಅದರೊಳಗೆ ಹುಲ್ಲಿನ ಸೂಕ್ಷ್ಮ ಸಿಲಿಕಾ ಕಣಗಳಿದ್ದವೆಂದು ವಂದನಾ ಪ್ರಸಾದ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿಕೊಟ್ಟರು. ಆದರೆ ಅದು ಡೈನೋಸಾರ್ ಯುಗದ ಕೊನೆಯ ಹೊತ್ತು, ಸುಮಾರು ಏಳು ಕೋಟಿ ವರ್ಷದ ಹಿಂದಿನ ಮಾತು. ನಾನು ಹೇಳಹೊರಟ ಪ್ರಾಣಿ ಅದಕ್ಕೂ ಹತ್ತು ಕೋಟಿಗೂ ಹೆಚ್ಚು ವರ್ಷ ಮೊದಲೇ ಬದುಕಿ ಸತ್ತಿತ್ತು. 'ಡೈನೋಸಾರ್ ಕಾಲ' ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಆ ಒಂದು ಮಾತಿನೊಳಗೆ ಹುಲ್ಲು ಇಲ್ಲದೆ ಇದ್ದದ್ದೂ, ಹುಲ್ಲು ಬಂದದ್ದೂ ಎರಡೂ ಸೇರಿಕೊಂಡಿವೆ.

ಪ್ರಾಣಿಯ ಹೆಸರು ಬಾರಾಪಾಸಾರಸ್ ಟ್ಯಾಗೋರೈ. ಊರು ದೂರದ್ದೇನಲ್ಲ. ಪ್ರಾಣಹಿತಾ ನದಿ ಗೋದಾವರಿಯನ್ನು ಕೂಡುವ ಕಣಿವೆ, ಇವತ್ತಿನ ಮಹಾರಾಷ್ಟ್ರ ಮತ್ತು ತೆಲಂಗಾಣದ ಗಡಿ ಸೀಮೆ. ಅಲ್ಲಿನ ಕೋಟಾ ಎಂಬ ಹಳ್ಳಿಯ ಹೆಸರನ್ನೇ ಹೊತ್ತ ಕಲ್ಲಿನ ಪದರವೊಂದಿದೆ: ಕೋಟಾ ಫಾರ್ಮೇಶನ್. ಜುರಾಸಿಕ್ ಯುಗದ ಮೊದಲ ಭಾಗದಲ್ಲಿ, ಸುಮಾರು 18-19 ಕೋಟಿ ವರ್ಷಗಳ ಹಿಂದೆ, ನದಿಗಳೂ ಕೆರೆಗಳೂ ತಂದು ಸುರಿದ ಮರಳು, ಜೇಡಿ, ಸುಣ್ಣ ಗಟ್ಟಿಯಾಗಿ ಆದ ಕಲ್ಲು ಅದು. ಅಲ್ಲಿ 1958ರಲ್ಲಿ ಮೊದಲ ಮೂಳೆಗಳು ಕಣ್ಣಿಗೆ ಬಿದ್ದವು. 1961ರ ಹೊತ್ತಿಗೆ ಅಗೆತ ಜೋರಾಗಿತ್ತು. ಅದು ರವೀಂದ್ರನಾಥ ಟ್ಯಾಗೋರರ ಜನ್ಮಶತಾಬ್ದಿಯ ವರ್ಷ. ಪ್ರಾಣಿಯ ಹೆಸರಿನ ಎರಡನೆಯ ಅರ್ಧ ಬಂದದ್ದು ಅಲ್ಲಿಂದ. ಮೊದಲರ್ಧ ಸಿಕ್ಕ ದೊಡ್ಡ ಕಾಲಿನಿಂದ.

ಅಗೆದವರು ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನವರು. ಅಂಕಿ ಅಂಶದ ಸಂಸ್ಥೆಗೂ ಮೂಳೆಗೂ ಎಲ್ಲಿಯ ನಂಟು ಎಂದು ಯಾರಿಗಾದರೂ ಅನ್ನಿಸೀತು. ಸಂಸ್ಥೆ ಕಟ್ಟಿದ ಪ್ರಶಾಂತಚಂದ್ರ ಮಹಲನೋಬಿಸ್ ಅವರಿಗೆ ಹಾಗೆ ಅನ್ನಿಸಲಿಲ್ಲ. 1957ರಲ್ಲಿ ಅವರು ಲಂಡನ್ನಿನಿಂದ ಪಮೇಲಾ ಲ್ಯಾಂಪ್ಲೂ ರಾಬಿನ್ಸನ್ ಎಂಬ ಪಳೆಯುಳಿಕೆ ವಿಜ್ಞಾನಿಯನ್ನು ಕರೆಸಿ ಭೂವಿಜ್ಞಾನ ವಿಭಾಗ ಶುರುಮಾಡಿಸಿದರು. ಅಲ್ಲಿ ಪಳಗಿದ ಜೈನ್, ಕುಟ್ಟಿ, ರಾಯ್‌ಚೌಧುರಿ, ಚಟರ್ಜಿ ಎಂಬ ನಾಲ್ವರು 1975ರಲ್ಲಿ ಈ ಪ್ರಾಣಿಗೆ ಹೆಸರಿಟ್ಟು ಜಗತ್ತಿಗೆ ಪರಿಚಯಿಸಿದರು. ಅಗೆತ ಜೋರಾದದ್ದಕ್ಕೂ ಹೆಸರಿಟ್ಟದ್ದಕ್ಕೂ ನಡುವೆ ಹದಿನಾಲ್ಕು ವರ್ಷ. ಕಲ್ಲು ಬಿಡಿಸುವುದು, ಒಡೆದದ್ದನ್ನು ಅಂಟಿಸುವುದು, ಯಾವ ಮೂಳೆ ಯಾವುದರ ಪಕ್ಕದ್ದು ಎಂದು ತಲೆ ಕೆಡಿಸಿಕೊಳ್ಳುವುದು, ಇದರಲ್ಲೇ ಕಾಲ ಸರಿಯುತ್ತದೆ.

ಅಗೆದ ಜಾಗದಲ್ಲಿ ಸಿಕ್ಕದ್ದು ಸುಮಾರು 300 ಮೂಳೆ. ಹರಡಿದ್ದು 276 ಚದರ ಮೀಟರ್, ನಮ್ಮ ನಲವತ್ತು-ಅರವತ್ತರ ಸೈಟಿಗಿಂತ ತುಸು ದೊಡ್ಡ ಜಾಗದಲ್ಲಿ. ಕಡಿಮೆಯೆಂದರೂ ಆರು ಪ್ರಾಣಿಗಳ ಮೂಳೆಗಳು ಅಲ್ಲಿ ಕಲಸಿಹೋಗಿದ್ದವು. ಅವುಗಳ ಜೊತೆಗೆ ಕಲ್ಲಾದ ಮರದ ದಿಮ್ಮಿಗಳು. ದಿಮ್ಮಿಯೂ ದೈತ್ಯರೂ ಒಟ್ಟಿಗೆ ಒಂದೇ ಕಡೆ ಬಂದು ಬಿದ್ದಿದ್ದಾರೆಂದರೆ ತಂದು ಹಾಕಿದವರು ಯಾರು? ನೆರೆ. ಮಳೆಗಾಲದ ಗೋದಾವರಿಯನ್ನು ಕಂಡವರಿಗೆ ಈ ಊಹೆ ಅರ್ಥವಾಗಲು ವಿಜ್ಞಾನದ ಪದವಿ ಬೇಡ. ಒಂದು ಹಿಂಡು ಪ್ರವಾಹಕ್ಕೆ ಸಿಕ್ಕಿರಬೇಕು; ಕಿತ್ತು ಬಂದ ಮರಗಳೊಡನೆ ಹೆಣಗಳೂ ಕೊಚ್ಚಿ ಬಂದು ನೀರಿನ ಸೆಳೆತ ತಗ್ಗಿದಲ್ಲಿ ತಂಗಿರಬೇಕು. ಮೇಲೆ ಹೂಳು ಬಿತ್ತು. ಉಳಿದದ್ದು ಕಾಯುವ ಕೆಲಸ.

ಆರು ಪ್ರಾಣಿ, 300 ಮೂಳೆ. ತಲೆ ಎಷ್ಟು? ಒಂದೂ ಇಲ್ಲ. ಸಿಕ್ಕದ್ದು ಮೂರು ಹಲ್ಲು.

ಈ ಒಂದು ಸಂಗತಿ ಗೊತ್ತಾದಾಗಿನಿಂದ ನನಗೆ ಬಾರಾಪಾಸಾರಸ್ ಮೇಲೆ ಉಳಿದ ಡೈನೋಸಾರ್‌ಗಳಿಗಿಂತ ಹೆಚ್ಚು ಮಮತೆ. ಹದಿನಾಲ್ಕು ಮೀಟರ್ ಉದ್ದ, ಏಳು ಟನ್ ತೂಕ ಎಂದು ಅಂದಾಜು ಮಾಡಿರುವ ಜೀವ. ತೊಡೆಯ ಒಂದು ಮೂಳೆ 1.7 ಮೀಟರ್; ಮೂರನೇ ಕ್ಲಾಸಿನ ಮಗುವೊಂದು ಅದರ ಪಕ್ಕದಲ್ಲಿ ನಿಂತರೆ ಮಗುವಿನ ನೆತ್ತಿ ಮೂಳೆಯ ಮುಕ್ಕಾಲು ಭಾಗಕ್ಕೆ ಬಂದೀತು. ಇಷ್ಟೆಲ್ಲ ಉಳಿಸಿಕೊಟ್ಟ ನೆಲ ಮುಖವನ್ನು ಮಾತ್ರ ಕೊಡಲಿಲ್ಲ. ಕಾರಣ ನಿಗೂಢವೇನಲ್ಲ. ಉದ್ದ ಕತ್ತಿನ ಡೈನೋಸಾರ್‌ಗಳ ತಲೆಬುರುಡೆ ತೆಳುವಾದ ಮೂಳೆಗಳ ಜೋಡಣೆ, ಕತ್ತಿಗೆ ಅಂಟಿಕೊಂಡದ್ದೂ ಸಡಿಲವಾಗಿ. ಹೆಣ ಕೊಳೆಯತೊಡಗಿದರೆ ಮೊದಲು ಕಳಚುವುದು ಅದೇ. ನೀರು ಭಾರದ ತೊಡೆಮೂಳೆಯನ್ನು ಬಿಟ್ಟು ಹಗುರಾದ ತಲೆಯನ್ನು ಮುಂದಕ್ಕೆ ಒಯ್ಯುತ್ತದೆ, ಒಡೆಯುತ್ತದೆ, ಪುಡಿ ಮಾಡುತ್ತದೆ.

ಆ ಮೂರು ಹಲ್ಲುಗಳಾದರೂ ಸುಮ್ಮನೆ ಕೂತಿಲ್ಲ. ತುದಿ ಅಗಲ, ಒಳಬದಿ ತುಸು ತಗ್ಗು, ಚಮಚದ ಆಕಾರ. ಅಂಚಿನಲ್ಲಿ ಒರಟು ಕಚ್ಚುಗಳು. ಇದು ಮಾಂಸ ಸೀಳುವ ಹಲ್ಲಲ್ಲ; ರೆಂಬೆಯನ್ನು ಕಚ್ಚಿ ಎಳೆದು ಸೊಪ್ಪು ತರಿಯುವ ಹಲ್ಲು. ಅರೆಯುವ ಹಲ್ಲೂ ಅಲ್ಲ. ಹಸುವಿನ ದವಡೆ ಹಲ್ಲಿನಲ್ಲಿರುವ ಚಪ್ಪಟೆ ಮೇಲ್ಮೈ ಇಲ್ಲಿಲ್ಲ. ಅಂದರೆ ಬಾಯಿಯ ಕೆಲಸ ಕೀಳುವುದು, ನುಂಗುವುದು. ಮಿಕ್ಕಿದ್ದು ಹೊಟ್ಟೆಯ ಪಾಲು. ಹೊಟ್ಟೆ ದೊಡ್ಡದಾಗಿದ್ದುದು ಅದಕ್ಕೇ. ಒರಟು ಸೊಪ್ಪು ದಿನಗಟ್ಟಲೆ ಒಳಗೆ ಹುದುಗಿ ಅರಗಬೇಕು. ಅಗಿಯುವ ಕೆಲಸವಿಲ್ಲದ್ದರಿಂದ ದಪ್ಪ ದವಡೆ ಬೇಡ, ದವಡೆಗೆ ಕಟ್ಟುವ ಭಾರೀ ಸ್ನಾಯು ಬೇಡ. ತಲೆ ಚಿಕ್ಕದಾಗಿಯೇ ಉಳಿಯಬಹುದು. ತಲೆ ಚಿಕ್ಕದಾದರೆ ಅದನ್ನು ಎತ್ತಿ ಹಿಡಿಯುವ ಕತ್ತು ಉದ್ದವಾಗಬಹುದು. ಕತ್ತು ಉದ್ದವಾದರೆ ನಿಂತಲ್ಲೇ ನಿಂತು ಮೇಲಿನದು, ಕೆಳಗಿನದು, ಎಡಬಲದ್ದು ಎಲ್ಲ ಮೇಯಬಹುದು. ಆ ಮಹಾಕಾಯವನ್ನು ಹೆಜ್ಜೆ ಹೆಜ್ಜೆಗೂ ಹೊತ್ತು ನಡೆಯುವ ದಣಿವು ತಪ್ಪುತ್ತದೆ. ಮೂರು ಹಲ್ಲು ಹಿಡಿದು ಹೊರಟರೆ ಇಡೀ ಪ್ರಾಣಿಯ ದಿನಚರಿಯ ತನಕ ಹೋಗಬಹುದು.

ಮಕ್ಕಳಿಗೆ ಡೈನೋಸಾರ್ ವಿವರಿಸುವಾಗ ನಾವು ಸಾಮಾನ್ಯವಾಗಿ ಗಾತ್ರದಿಂದ ಶುರುಮಾಡಿ ಗಾತ್ರದಲ್ಲೇ ಮುಗಿಸುತ್ತೇವೆ. ಎಷ್ಟು ಬಸ್ಸು ಉದ್ದ, ಎಷ್ಟು ಆನೆ ತೂಕ. ಮಗು ಕಣ್ಣರಳಿಸುತ್ತದೆ, ನಮ್ಮ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಗಾತ್ರದ ಬೆರಗಿಗೆ ಒಂದು ತೊಂದರೆಯಿದೆ: ಅದಕ್ಕಿಂತ ದೊಡ್ಡದು ಬಂದ ಕೂಡಲೇ ಮೊದಲನೆಯದು ಹಳತಾಗುತ್ತದೆ. ಬಾರಾಪಾಸಾರಸ್‌ಗಿಂತ ಎರಡು ಪಟ್ಟು ಉದ್ದದವು ಮುಂದೆ ಬಂದವು. ಬರೀ ಉದ್ದವನ್ನೇ ನೆಚ್ಚಿಕೊಂಡರೆ ನಮ್ಮ ಗೋದಾವರಿಯ ಈ ಪ್ರಾಣಿ ಪಟ್ಟಿಯಲ್ಲಿ ಎಲ್ಲೋ ಕೆಳಗೆ ಬಿದ್ದುಹೋಗುತ್ತದೆ. ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಅವರು 'ಎಷ್ಟು ದೊಡ್ಡದು' ಎಂಬಲ್ಲಿ ನಿಲ್ಲುವುದಿಲ್ಲ. ಎರಡನೇ ಪ್ರಶ್ನೆ ಬಂದೇ ಬರುತ್ತದೆ: ನಿಂಗೆ ಹೆಂಗೆ ಗೊತ್ತು? ದೊಡ್ಡವರು ತಡವರಿಸುವುದು ಇಲ್ಲಿ. ನನ್ನ ಮಟ್ಟಿಗೆ ಬೆರಗಿನ ಬಾಗಿಲು ತೆರೆಯುವುದೂ ಇಲ್ಲೇ.

ಗಾತ್ರವನ್ನೇ ತೆಗೆದುಕೊಳ್ಳಿ. ಒಂದು ಪ್ರಾಣಿಯನ್ನು ಎಲ್ಲ ದಿಕ್ಕಿಗೂ ಹತ್ತು ಪಟ್ಟು ಹಿಗ್ಗಿಸಿದರೆ ಅದರ ತೂಕ ಹತ್ತು ಪಟ್ಟಾಗುವುದಿಲ್ಲ, ಸಾವಿರ ಪಟ್ಟಾಗುತ್ತದೆ. ಆ ತೂಕ ಹೊರುವುದು ಕಾಲಿನ ಮೂಳೆ. ಮೂಳೆಯ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣದ ಮೇಲೆ ನಿಂತದ್ದು. ಅದು ನೂರು ಪಟ್ಟು ಮಾತ್ರ ಹೆಚ್ಚುತ್ತದೆ. ಅಂದರೆ ಮೂಳೆಯ ಒಂದೊಂದು ಚದರ ಅಂಗುಲವೂ ಮೊದಲಿಗಿಂತ ಹತ್ತರಷ್ಟು ಭಾರ ಹೊರಬೇಕು. ಕಥೆಗಳ ರಾಕ್ಷಸರು ಮನುಷ್ಯರದೇ ಆಕಾರದಲ್ಲಿ ಬೆಟ್ಟದೆತ್ತರ ಬೆಳೆದರೆ ಮೊದಲ ಹೆಜ್ಜೆಗೇ ತೊಡೆ ಮುರಿದು ಬೀಳುತ್ತಾರೆ. ಇದನ್ನು ಸೊಗಸಾಗಿ ತಿಳಿಸಿದವರು ಜೆ.ಬಿ.ಎಸ್. ಹಾಲ್ಡೇನ್, ಪ್ರಾಣಿಗಳ ಗಾತ್ರದ ಬಗ್ಗೆ 1926ರಲ್ಲಿ ಬರೆದ ಪ್ರಬಂಧದಲ್ಲಿ. ವಿಚಿತ್ರವೆಂದರೆ ಅದೇ ಹಾಲ್ಡೇನ್ 1957ರಲ್ಲಿ ಇಂಗ್ಲೆಂಡ್ ತೊರೆದು ಬಂದು ಸೇರಿದ್ದು ಕೋಲ್ಕತ್ತದ ಅದೇ ಸಂಸ್ಥೆಯನ್ನು. ಮೂರು ದಶಕದ ಹಿಂದೆ ಕಾಗದದ ಮೇಲೆ ಅವರು ಮಾಡಿದ ಲೆಕ್ಕಕ್ಕೆ ಗೋದಾವರಿಯ ಕಲ್ಲಿನಿಂದ ಉತ್ತರ ಬರತೊಡಗಿದಾಗ ಅವರು ಅಲ್ಲೇ ಇದ್ದರು.

ಉತ್ತರ ಇದು: ದೊಡ್ಡದಾಗಬೇಕಾದರೆ ಆಕಾರ ಬದಲಾಗಬೇಕು. ಉದ್ದ ಕತ್ತಿನವುಗಳ ಪೂರ್ವಜರು ಎರಡು ಕಾಲಿನ ಮೇಲೆ ಓಡಾಡುತ್ತಿದ್ದ ಚಿಕ್ಕ, ಚುರುಕು ಪ್ರಾಣಿಗಳು. ತೂಕ ಏರಿದ ಹಾಗೆ ಮುಂಗಾಲು ನೆಲಕ್ಕೆ ಬಂತು. ಮಡಚಿ ಚಿಮ್ಮುತ್ತಿದ್ದ ಕಾಲು ನೆಟ್ಟಗಾಯಿತು, ದಪ್ಪವಾಯಿತು. ಓಡುವುದು ಹೋಯಿತು, ನಿಲ್ಲುವುದು ಬಂತು. ಮೇಲ್ಗಡೆ ಮಾತ್ರ ಹಗುರಾಗಬೇಕಿತ್ತು. ಬಾರಾಪಾಸಾರಸ್‌ನ ಬೆನ್ನಿನ ಕಶೇರುಮಣಿಗಳಲ್ಲಿ ಟೊಳ್ಳು, ಕುಳಿಗಳ ಆರಂಭ ಕಾಣುತ್ತದೆ. ಇದರ ನಂತರ ಬಂದ ಬಂಧುಗಳಲ್ಲಿ ಇದು ಎಷ್ಟು ಮುಂದುವರಿಯಿತೆಂದರೆ ಕತ್ತಿನ ಮಣಿಗಳಲ್ಲಿ ಮೂಳೆಗಿಂತ ಗಾಳಿಯೇ ಹೆಚ್ಚಾಯಿತು.

ಗಾಳಿಯ ವಿಷಯ ಇನ್ನೂ ಸ್ವಾರಸ್ಯ. ಕತ್ತು ಉದ್ದವಾದರೆ ಶ್ವಾಸನಾಳವೂ ಉದ್ದ. ನಮ್ಮ ಹಾಗೆ ಒಳಗೆಳೆದು ಹೊರಬಿಟ್ಟರೆ, ಬಿಟ್ಟ ಕೆಟ್ಟ ಗಾಳಿಯಲ್ಲಿ ಒಂದು ಪಾಲು ನಾಳದಲ್ಲೇ ಉಳಿದು ಮುಂದಿನ ಉಸಿರಿಗೆ ಮತ್ತೆ ಒಳಗೆ ಹೋಗುತ್ತದೆ. ಕತ್ತು ಬೆಳೆದಷ್ಟೂ ಈ ನಷ್ಟ ಬೆಳೆಯುತ್ತದೆ. ಹಕ್ಕಿಗಳು ಇದಕ್ಕೆ ಉಪಾಯ ಕಂಡುಕೊಂಡಿವೆ: ಶ್ವಾಸಕೋಶದ ಜೊತೆಗೆ ಮೈತುಂಬ ಗಾಳಿಚೀಲಗಳು, ಶ್ವಾಸಕೋಶದೊಳಗೆ ಒಂದೇ ದಿಕ್ಕಿಗೆ ಹರಿಯುವ ಗಾಳಿ. ಗಾಳಿಚೀಲಗಳು ಮೂಳೆಯೊಳಗೂ ನುಗ್ಗಿ ಅಲ್ಲಿ ಕುಳಿ ಬಿಡುತ್ತವೆ. ಅಂಥದೇ ಕುಳಿಗಳು ಉದ್ದ ಕತ್ತಿನ ಡೈನೋಸಾರ್‌ಗಳ ಮಣಿಗಳಲ್ಲಿವೆ. ಉಸಿರು ಕಲ್ಲಾಗುವುದಿಲ್ಲ, ಸರಿ. ಆದರೆ ಉಸಿರು ಕೂತಿದ್ದ ಜಾಗ ಕಲ್ಲಾಗಿದೆ. 18 ಕೋಟಿ ವರ್ಷದ ಹಿಂದೆ ಒಂದು ಜೀವ ಹೇಗೆ ಉಸಿರಾಡುತ್ತಿತ್ತು ಎಂಬುದಕ್ಕೆ ಇವತ್ತು ನಮ್ಮ ಮಾಡಿನ ಮೇಲೆ ಕೂತ ಪಾರಿವಾಳ ಸಾಕ್ಷಿ ಹೇಳುತ್ತದೆ.

ಈ ಬದಲಾವಣೆಯ ಮೆಟ್ಟಿಲುಗಳು ಆ ಒಂದೇ ಕಣಿವೆಯಲ್ಲಿ ಸಿಗುತ್ತವೆ ಎನ್ನುವುದು ನನಗೆ ತುಂಬ ಇಷ್ಟವಾದ ಸಂಗತಿ. ಕೋಟಾ ಪದರಕ್ಕಿಂತ ಕೆಳಗೆ, ಅಂದರೆ ಹಳೆಯದಾದ, ಮಲೇರಿ ಪದರದಲ್ಲಿ ನಂಬಾಲಿಯಾ, ಜಕ್ಲಪಲ್ಲಿಸಾರಸ್ ಎಂಬ ಕೆಲವೇ ಮೀಟರ್ ಉದ್ದದ ಬಂಧುಗಳು. ಅದರ ಮೇಲಿನ ಧರ್ಮಾರಂ ಪದರದಲ್ಲಿ ಲ್ಯಾಂಪ್ಲೂಸಾರ, ರಾಬಿನ್ಸನ್ ಅವರ ನಡುವಿನ ಹೆಸರನ್ನು ಹೊತ್ತದ್ದು. ಅದರ ಮೇಲೆ ಕೋಟಾ ಪದರದಲ್ಲಿ ಬಾರಾಪಾಸಾರಸ್, ಮತ್ತು ಯಾಮನಪಲ್ಲಿ ಎಂಬ ಹಳ್ಳಿಯ ಬಳಿ ಸಿಕ್ಕ ಕೋಟಾಸಾರಸ್. ಈ ಕೋಟಾಸಾರಸ್‌ನ ಅಸ್ಥಿಪಂಜರ ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿದೆ. ನಮ್ಮ ಕಲಬುರಗಿ, ಬೀದರಿನ ಮಕ್ಕಳಿಗೆ ಅದು ಹತ್ತಿರವೇ. ಇವು ಒಂದಕ್ಕೊಂದು ತಾತ, ಅಪ್ಪ, ಮಗ ಎಂದು ಹೇಳುವ ಹಾಗಿಲ್ಲ. ದೊಡ್ಡಪ್ಪ, ಚಿಕ್ಕಪ್ಪನ ಮಕ್ಕಳ ಸಂಬಂಧವೆನ್ನಬಹುದು. ಆದರೂ ಕೆಳಗಿನ ಕಲ್ಲಿನಿಂದ ಮೇಲಿನ ಕಲ್ಲಿಗೆ ಬರುವಾಗ ಒಂದು ಕುಲ ದೊಡ್ಡದಾಗುತ್ತ ಹೋದದ್ದನ್ನು ಒಂದೇ ಸೀಮೆಯಲ್ಲಿ ನಡೆದು ನೋಡಬಹುದು.

ವಿಕಾಸ ಹೊಸದನ್ನು ಮಾಡುವ ರೀತಿಯೂ ವಿಲಕ್ಷಣ. ಅದು ಹಳೆಯ ನಕ್ಷೆ ಹರಿದು ಹೊಸದು ಬರೆಯುವುದಿಲ್ಲ, ಇದ್ದದ್ದನ್ನೇ ಎಳೆಯುತ್ತದೆ. ಮಿದುಳಿನಿಂದ ಧ್ವನಿಪೆಟ್ಟಿಗೆಗೆ ಹೋಗುವ ಒಂದು ನರವಿದೆ. ನೇರ ಹೋದರೆ ಗೇಣುದ್ದದ ದಾರಿಯೂ ಅಲ್ಲ. ಆದರೆ ಅದು ಧ್ವನಿಪೆಟ್ಟಿಗೆಯನ್ನು ದಾಟಿ ಎದೆಗಿಳಿದು, ಹೃದಯದ ಬಳಿಯ ಮಹಾಧಮನಿಯನ್ನು ಬಳಸಿ, ಮತ್ತೆ ಗಂಟಲಿಗೆ ಹತ್ತುತ್ತದೆ. ಮೀನಿನಂಥ ಪೂರ್ವಜರಿಗೆ ಕತ್ತೇ ಇರಲಿಲ್ಲ, ಆ ದಾರಿ ಅವರಿಗೆ ನೇರವಾಗಿತ್ತು. ಕತ್ತು ಬಂದ ಮೇಲೆ ನರ ಧಮನಿಗೆ ಸಿಕ್ಕಿಕೊಂಡು ಉದ್ದವಾಗುತ್ತ ಹೋಯಿತು. ಜಿರಾಫೆಯಲ್ಲಿ ಈ ಸುತ್ತುದಾರಿ ಹಲವು ಮೀಟರ್. ಉದ್ದ ಕತ್ತಿನ ಡೈನೋಸಾರ್‌ಗಳಲ್ಲೂ ಹೀಗೇ ಇದ್ದಿರಬೇಕೆಂದು ವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ. ಏಕೆಂದರೆ ಮೀನಿನಿಂದ ಈಚೆಗೆ ಬೆನ್ನೆಲುಬಿನ ಪ್ರಾಣಿಗಳೆಲ್ಲ ಈ ನಕ್ಷೆಯನ್ನು ಹಂಚಿಕೊಂಡಿವೆ. ನಮ್ಮಲ್ಲೂ ಇದೆ, ಎಡಗಡೆ. ಮೂಳೆಯ ಮುಂದೆ ನಿಂತ ಮಗು 'ಅಬ್ಬಾ' ಎಂದಾಗ ಆ ಸದ್ದನ್ನು ಹೊರಡಿಸುವ ಆಜ್ಞೆ ಎದೆಯ ತನಕ ಇಳಿದು ಮೇಲೆ ಬಂದಿರುತ್ತದೆ. ಎದುರಿಗಿರುವ ದೈತ್ಯನಿಗೂ ತನಗೂ ಒಂದೇ ಸುತ್ತುದಾರಿ ಎಂದು ಆ ಮಗುವಿಗೆ ಯಾರಾದರೂ ಹೇಳಬೇಕು.

'ನಮ್ಮೂರಲ್ಲಿ ಇತ್ತಾ?' ಕರ್ನಾಟಕದ ಮಕ್ಕಳು ಕೇಳುವ ಮೂರನೇ ಪ್ರಶ್ನೆ ಇದು. ಉತ್ತರ ಹೇಳಲು ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ಬಳಿ ಹೋಗಬೇಕು. ಕೆಂಪೇಗೌಡರ ಗೋಪುರ ನಿಂತ ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಬಾರಾಪಾಸಾರಸ್ ನಡೆದಾಡುತ್ತಿದ್ದಾಗಲೇ ಅದು 280 ಕೋಟಿ ವರ್ಷದ ಮುದುಕ. ಆಗ ಹಿಮಾಲಯವಿರಲಿಲ್ಲ, ಭಾರತ ಆಫ್ರಿಕಾ, ಮಡಗಾಸ್ಕರ್, ಅಂಟಾರ್ಕ್ಟಿಕಾಗಳ ಜೊತೆ ಗೊಂಡ್ವಾನ ಎಂಬ ಒಂದೇ ಭೂಖಂಡದ ಭಾಗವಾಗಿತ್ತು. ನಮ್ಮ ನೆಲವೂ ಅಲ್ಲಿತ್ತು. ಅದರ ಮೇಲೆ ಇಂಥವು ನಡೆದಿರಲೂಬಹುದು. ಆದರೆ ಲಾಲ್‌ಬಾಗಿನಂಥ ಕಲ್ಲು ಭೂಮಿಯ ಆಳದಲ್ಲಿ ಬೆಂದು ಆದದ್ದು. ಮೂಳೆ ಅದರೊಳಗೆ ಸೇರುವುದು ಸಾಧ್ಯವಿಲ್ಲ. ಮೂಳೆ ಉಳಿಯಲು ಅದೇ ಕಾಲದ ಹೂಳು ಬೇಕು, ಹೂಳು ಉಳಿಯಲು ತಗ್ಗು ಬೇಕು. ಪ್ರಾಣಹಿತಾ-ಗೋದಾವರಿ ಕಣಿವೆಯಲ್ಲಿ ನೆಲ ಸೀಳಿ ಕುಸಿದು ಕೋಟಿಗಟ್ಟಲೆ ವರ್ಷ ಹೂಳು ತುಂಬುತ್ತ ಬಂತು. ನಮ್ಮ ಬೆಂಗಳೂರು, ಮೈಸೂರು ಸೀಮೆಯಲ್ಲಿ ಮಳೆ ಗಾಳಿ ನೆಲವನ್ನು ಕೊರೆಯುತ್ತಲೇ ಇದ್ದವು. ಅಲ್ಲಿ ಬರೆದಿಟ್ಟರು, ಇಲ್ಲಿ ಅಳಿಸಿದರು. ಮೂಳೆ ಇಲ್ಲ ಎಂದರೆ ಪ್ರಾಣಿ ಇರಲಿಲ್ಲ ಎಂದಾಗುವುದಿಲ್ಲ. ಇದು ಮಗುವಿಗೆ ಅರ್ಥವಾದರೆ ಡೈನೋಸಾರ್ ಪಾಠ ಆಯಿತು, ತರ್ಕದ ಪಾಠವೂ ಆಯಿತು.

ಅದೇ ಕೋಟಾ ಪದರ ಇನ್ನೊಂದು ಜೀವವನ್ನೂ ಕಾಪಾಡಿದೆ. ಕೋಟಾಥೀರಿಯಂ ಹಾಲ್ಡೇನೈ, ಹಾಲ್ಡೇನರ ಹೆಸರಿನದೇ. ಸುಂಡಿಲಿಯಷ್ಟು ಚಿಕ್ಕದಾದ, ನಮ್ಮ ಹಾಗೆ ಸ್ತನಿಗಳ ಬಳಗಕ್ಕೆ ಸೇರಿದ ಪ್ರಾಣಿ. ಅದನ್ನು ಗುರುತಿಸಿದ್ದೂ ಹಲ್ಲಿನಿಂದ, ಬರಿಗಣ್ಣಿಗೆ ಕಂಡೂ ಕಾಣದ ಹಲ್ಲಿನಿಂದ. ಒಂದು ಕಲ್ಲಿನ ಪದರದಲ್ಲಿ ಎರಡು ಬಾಯಿಗಳ ಗುರುತು. ಒಂದು ಸೊಪ್ಪು ತರಿದು ನುಂಗಿದ್ದು, ಇನ್ನೊಂದು ಹುಳುಹುಪ್ಪಟೆ ಕಚ್ಚಿ ಜಗಿದದ್ದು. ಆ ಕಾಲಕ್ಕೆ ನೋಡಿದವರಿದ್ದರೆ ಭೂಮಿ ಯಾರ ಪಾಲಿಗೆ ಎಂಬುದರಲ್ಲಿ ಅವರಿಗೆ ಅನುಮಾನವೇ ಬರುತ್ತಿರಲಿಲ್ಲ. ಜಗಿಯುವ ಬಾಯಿಯ ಬಳಗವೇ ಮುಂದೊಂದು ದಿನ ಅಗೆಯುವ ಕೈ ಪಡೆದು, ಹಾರೆ ಗುದ್ದಲಿ ಹಿಡಿದು ಬಂದು, ನುಂಗುವ ಬಾಯಿಯ ಹಲ್ಲು ಹುಡುಕಿತು. ಗಾತ್ರವನ್ನೇ ನೆಚ್ಚಿಕೊಂಡ ಬೆರಗು ಇಂಥದ್ದನ್ನು ಕಾಣುವುದಿಲ್ಲ.

ಟ್ಯಾಗೋರರ ಹೆಸರು ಈ ಪ್ರಾಣಿಗೆ ಬಂದದ್ದು ಶತಾಬ್ದಿಯ ನೆಪದಿಂದ, ನಿಜ. ಆದರೆ ಆ ಕವಿ ಎಪ್ಪತ್ತೈದು ದಾಟಿದ ಮೇಲೆ, 1937ರಲ್ಲಿ, ಸಾಮಾನ್ಯ ಓದುಗರಿಗಾಗಿ 'ವಿಶ್ವ ಪರಿಚಯ' ಎಂಬ ವಿಜ್ಞಾನದ ಪುಸ್ತಕ ಬರೆದು ಅದನ್ನು ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸರಿಗೆ ಅರ್ಪಿಸಿದ್ದರು. ಅದೇ ದಶಕದಲ್ಲಿ ನಮ್ಮ ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ'ದ ಸಂಪುಟಗಳನ್ನು ಒಬ್ಬರೇ ಕೂತು ಸಿದ್ಧಪಡಿಸಿದರು. ಕವಿತೆ, ಕಾದಂಬರಿಯಲ್ಲಿ ಹೆಸರು ಮಾಡಿದವರು ಇಂಥ ಕೆಲಸಕ್ಕೆ ಯಾಕೆ ಕೈಹಾಕಿದರು? ವಿವರಿಸಿದರೆ ಬೆರಗು ಕರಗಿಹೋಗುತ್ತದೆ ಎಂಬ ನಂಬಿಕೆ ಇವರಿಬ್ಬರಿಗೂ ಇರಲಿಲ್ಲ ಎಂದೇ ನಾನು ತಿಳಿಯುತ್ತೇನೆ. ಕಾಮನಬಿಲ್ಲಿನ ಕಾರಣ ಗೊತ್ತಾದವರು ಅದನ್ನು ನೋಡುವುದನ್ನು ಬಿಟ್ಟಿಲ್ಲ. ಬೆರಗು ಕೆಡುವುದು ವಿವರಣೆಯಿಂದಲ್ಲ, ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ಹೇಳುವುದರಿಂದ.

ಇದಕ್ಕೆ ಅಮೆರಿಕದಲ್ಲಿ ಒಂದು ಒಳ್ಳೆಯ ಕಥೆಯಿದೆ. ಪಿಟ್ಸ್‌ಬರ್ಗಿನ ಕಾರ್ನೆಗಿ ವಸ್ತುಸಂಗ್ರಹಾಲಯಕ್ಕಾಗಿ ಅರ್ಲ್ ಡಗ್ಲಸ್ 1909ರಲ್ಲಿ ಯೂಟಾದ ಬೆಟ್ಟದಲ್ಲಿ ಒಂದು ಅಪಟೋಸಾರಸ್ ಕಂಡುಹಿಡಿದರು. ಇದೂ ಉದ್ದ ಕತ್ತಿನದೇ, ಬಾರಾಪಾಸಾರಸ್‌ಗಿಂತ ಎಷ್ಟೋ ಈಚಿನದು. ಹತ್ತಿರದಲ್ಲೇ ಒಂದು ತಲೆಯೂ ಸಿಕ್ಕಿತು. ಆದರೆ ಆಗ ಎಲ್ಲರೂ ನಂಬಿದ್ದ ತಲೆ ಬೇರೆ ಆಕಾರದ್ದು, ಮೊಂಡು ಮೂತಿಯದು. ನಿರ್ದೇಶಕ ವಿಲಿಯಂ ಹಾಲಂಡ್‌ಗೆ ಹತ್ತಿರ ಸಿಕ್ಕ ತಲೆಯೇ ಇದರದ್ದೆಂದು ಬಲವಾದ ಗುಮಾನಿ. ಕೂರಿಸಲು ಸಾಕಷ್ಟು ಸಾಕ್ಷಿಯಿಲ್ಲ, ಇನ್ನೊಂದನ್ನು ಕೂರಿಸಲು ಮನಸ್ಸಿಲ್ಲ. ಅವರು ಅಸ್ಥಿಪಂಜರವನ್ನು ತಲೆಯಿಲ್ಲದೆಯೇ ನಿಲ್ಲಿಸಿದರು. ಹಾಲಂಡ್ 1932ರಲ್ಲಿ ತೀರಿಕೊಂಡ ಮೇಲೆ ಅಲ್ಲಿಗೆ ಮೊಂಡು ಮೂತಿಯ ತಲೆಯೊಂದು ಬಂದು ಕೂತಿತು, ದಶಕಗಟ್ಟಲೆ ಕೂತಿತ್ತು. ಕೊನೆಗೆ ಇಬ್ಬರು ವಿಜ್ಞಾನಿಗಳು ಹಳೆಯ ಕಾಗದಪತ್ರ ಕೆದಕಿ ಹಾಲಂಡ್ ಹೇಳಿದ್ದೇ ಸರಿಯೆಂದು ತೋರಿಸಿದ ಬಳಿಕ 1979ರಲ್ಲಿ ತಲೆ ಬದಲಾಯಿತು. ನಡುವಿನ ಅಷ್ಟೂ ವರ್ಷ ಅಲ್ಲಿಗೆ ಹೋದ ಮಕ್ಕಳು ತಪ್ಪು ಮುಖಕ್ಕೆ ಬೆರಗಾಗಿ ಬಂದರು. ಹಾಲಂಡ್ ಕಾಲದ ಮಕ್ಕಳ ಪಾಲಿಗೆ ಬಂದದ್ದು ಖಾಲಿ ಕತ್ತು. ನನ್ನನ್ನು ಕೇಳಿದರೆ ಅದೃಷ್ಟವಂತರು ಅವರೇ. ಕತ್ತಿನ ತುದಿಯಲ್ಲಿ ಏನಿರಬಹುದೆಂದು ಅವರು ತಾವೇ ಯೋಚಿಸಬೇಕಾಗಿತ್ತು.

ತಲೆಯಿಲ್ಲದ ಅಸ್ಥಿಪಂಜರ ನಿಲ್ಲಿಸಿದರೆ ನೋಡುವವರಿಗೆ ಕಸಿವಿಸಿ, ಅದು ಗೊತ್ತಿರುವುದೇ. ಹತ್ತಿರದ ಬಂಧುಗಳನ್ನು ನೋಡಿ ಒಂದು ತಲೆ ಮಾಡಿ ಕೂರಿಸುವುದರಲ್ಲಿ ತಪ್ಪೇನಿಲ್ಲ; ಅದು ಬಲ್ಲವರು ಬಲ್ಲಷ್ಟನ್ನು ಆಧರಿಸಿ ಮಾಡಿದ ಊಹೆ. ಪುಸ್ತಕಗಳಲ್ಲಿ ಬಾರಾಪಾಸಾರಸ್ ನಮ್ಮನ್ನು ನೋಡುವ ಕಣ್ಣು, ಮೂಗು, ಮೂತಿ ಎಲ್ಲವೂ ಅಂಥ ಊಹೆಯೇ. ಆದರೆ ಮಗುವನ್ನು ಕೈಹಿಡಿದು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯುವವರು, ಪುಸ್ತಕದ ಪುಟ ತಿರುವುವವರು, ಕ್ಲಾಸಿನಲ್ಲಿ ಪಾಠ ಮಾಡುವವರು ಒಂದು ಮಾತು ಸೇರಿಸಬೇಕು: ಕಾಲು ನೆಲ ಕೊಟ್ಟದ್ದು, ಬೆನ್ನು ನೆಲ ಕೊಟ್ಟದ್ದು, ಮೂರು ಹಲ್ಲೂ ನೆಲ ಕೊಟ್ಟದ್ದೇ; ತಲೆ ಮಾತ್ರ ನಾವು ಮಾಡಿದ್ದು, ಅಸಲಿ ತಲೆ ಯಾರಿಗೂ ಸಿಕ್ಕಿಲ್ಲ. ಇದರಿಂದ ಮಗುವಿಗೆ ನಿರಾಸೆಯಾದೀತೆಂದು ಹೆದರಬೇಕಿಲ್ಲ. ಎಲ್ಲ ಕಂಡುಹಿಡಿದು ಮುಗಿದಿದೆ, ನೀನು ನೋಡಿ ಕೈಮುಗಿದರೆ ಸಾಕು ಎಂಬ ಮಾತಿಗಿಂತ, ಹುಡುಕುವುದು ಇನ್ನೂ ಬಾಕಿಯಿದೆ ಎಂಬ ಮಾತು ಎಂಟು ವರ್ಷದವರಿಗೆ ಬೇಗ ನಾಟುತ್ತದೆ. ಅವರಿಗೆ ಅದು ಕೊರತೆಯ ಸುದ್ದಿಯಲ್ಲ. ಅವರಿಗೆ ಅದು ಕೆಲಸ.